ಸೀಟು ಬದಲಿಸಿದೆವು, ಪೆಡಲ್ ಹಾಗೇ ಇತ್ತು

ಹಾಸನದಲ್ಲಿ ನಾವು ತೋರಿಸಿಕೊಳ್ಳುವ ಸಕ್ಕರೆ ಕಾಯಿಲೆ ಡಾಕ್ಟರ ಬಳಿ ಯಾವಾಗ ಹೋದರೂ ಅರ್ಧ ದಿನ ಕಾಯಬೇಕು. ಹೋದ ಸಲ ಹಾಗೆ ಕಾಯುತ್ತಿದ್ದಾಗ ಪಕ್ಕದ ಬೆಂಚಿನಲ್ಲಿದ್ದ ಗಂಡ ಹೆಂಡತಿ, ಯಾವುದೋ ಅಂಗಡಿಯ ಬಣ್ಣದ ಕಾಗದವೊಂದನ್ನು ಮೊಣಕಾಲ ಮೇಲೆ ಹರಡಿಕೊಂಡು ಪಿಸುಗುಡುತ್ತಿದ್ದರು. ಮನೆಯೊಳಗೇ ತುಳಿಯುವ ಸೈಕಲ್ಲುಗಳ ಚಿತ್ರಗಳು. ಆಕೆ ಅಗ್ಗದ್ದೊಂದರ ಮೇಲೆ ಬೆರಳಿಟ್ಟರೆ, ಆತ ಇದಕ್ಕಿಂತ ಅಗ್ಗದ್ದು ಬೇರೆ ಕಡೆ ಸಿಗುತ್ತದೆ ಎನ್ನುತ್ತಿದ್ದರು. ನಾನು ನೋಡುತ್ತಿರುವುದು ಗೊತ್ತಾಗಿ ಆಕೆ ಈ ಕಡೆ ತಿರುಗಿ, "ನಿಮಗೇನಾದ್ರೂ ಗೊತ್ತಾ ಮೇಡಂ, ಇದ್ರಲ್ಲಿ ಯಾವ್ದು ತಗೊಂಡ್ರೆ ಒಳ್ಳೇದು?" ಎಂದು ಕೇಳಿದರು. ಅಷ್ಟರಲ್ಲಿ ಒಳಗಿನಿಂದ ನಮ್ಮ ಹೆಸರು ಕೂಗಿದರು. ನಾವು ಹೊರಗೆ ಬರುವಷ್ಟರಲ್ಲಿ ಅವರು ರಕ್ತ ಪರೀಕ್ಷೆಗೆ ಎದ್ದು ಹೋಗಿದ್ದರು. ಹೇಳಬೇಕಾಗಿದ್ದ ಉತ್ತರವನ್ನು ನಮ್ಮೂರು ಹೊಳೆನರಸೀಪುರ ಬರುವವರೆಗೂ ಬಸ್ಸಿನಲ್ಲಿ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಹೆಸರು ಶ್ರೀಕಂಠ. ನಾನು ಬಿ.ಎಸ್ಸಿ. ಮುಗಿಸಿ ಊರಿನ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮನೆಯಲ್ಲಿ ನಮ್ಮಿಬ್ಬರ ಜೊತೆ ನಮ್ಮ ಅತ್ತೆ. ನಮ್ಮವರಿಗೆ ಸಕ್ಕರೆ ಕಾಯಿಲೆ ಇರುವುದು ತೊಂಬತ್ತರ ದಶಕದಲ್ಲೇ ಗೊತ್ತಾಗಿತ್ತು. ಆದರೆ ಅದನ್ನು ನಾವು ಕಾಯಿಲೆ ಎಂದುಕೊಂಡಿರಲಿಲ್ಲ. ಮನೆಗೆ ಬಂದು ಉಳಿದುಕೊಂಡ ದೂರದ ನೆಂಟನ ಹಾಗೆ ಅದು ಒಂದು ಮೂಲೆಯಲ್ಲಿ ಇತ್ತು. ಬೆಳಿಗ್ಗೆ ಒಂದು ಮಾತ್ರೆ, ಹಬ್ಬದ ದಿನ ಒಬ್ಬಟ್ಟು ತಿಂದರೆ ಇನ್ನೊಂದು ಮಾತ್ರೆ.

ಒಂದು ಸಂಜೆ ಇವರು ಕಚೇರಿಯಿಂದ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಂದರು. ಇನ್ನೊಂದು ದಾರಿಯಲ್ಲಿ ಎಲ್ಲೋ ಜಾರಿ ಬಿದ್ದಿತ್ತು. ಬಿದ್ದದ್ದು ಇವರಿಗೆ ಗೊತ್ತೇ ಆಗಿರಲಿಲ್ಲ. ಜಗಲಿಯಲ್ಲಿ ಹೂ ಕಟ್ಟುತ್ತಿದ್ದ ನಮ್ಮ ಅತ್ತೆ ನೋಡಿ, "ಆಫೀಸಲ್ಲಿ ಫೈಲು ಕಳೆಯೋದು ಸಾಲ್ದು ಅಂತ ಈಗ ಚಪ್ಪಲೀನೂ ಕಳ್ಕೊಂಡು ಬಂದ ಕಣೇ ನಿನ್ನ ಗಂಡ" ಎಂದರು. ನಾವು ಮೂವರೂ ನಕ್ಕೆವು. ನನಗೆ ಆ ನಗು ಈಗಲೂ ಕೇಳಿಸುತ್ತದೆ. ಮಕ್ಕಳಿಗೆ ನರಮಂಡಲದ ಪಾಠ ಮಾಡುವವಳು ನಾನು. ಚರ್ಮದಿಂದ ಮೆದುಳಿಗೆ ಸುದ್ದಿ ಹೋಗುವ ದಾರಿಯನ್ನು ಬೋರ್ಡಿನ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಬರೆದು ತೋರಿಸುವವಳು.

ಕೆಲವು ವಾರಗಳ ಮೇಲೆ ಕಾಲು ಜೋಮು ಹಿಡಿದ ಹಾಗಿರುತ್ತದೆ ಎಂದಾಗ ಹಾಸನಕ್ಕೆ ಹೋದೆವು. ಡಾಕ್ಟರು ಇವರನ್ನು ಮಂಚದ ಮೇಲೆ ಮಲಗಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿ, ಹತ್ತಿಯ ಎಳೆಯೊಂದರಿಂದ ಅಂಗಾಲನ್ನು ಅಲ್ಲಲ್ಲಿ ಮುಟ್ಟತೊಡಗಿದರು. ಮುಟ್ಟಿದ್ದು ಗೊತ್ತಾದಾಗ ಹೂಂ ಎನ್ನಬೇಕು. ಇವರು ಬಹಳ ಹುಮ್ಮಸ್ಸಿನಿಂದ ಹೂಂ ಹೂಂ ಎನ್ನುತ್ತಿದ್ದರು. ಡಾಕ್ಟರು ಕೈ ಹಿಂದಕ್ಕೆ ತೆಗೆದುಕೊಂಡು ಸುಮ್ಮನೆ ನಿಂತರು. ಆಗಲೂ ಇವರು ಹೂಂ ಎಂದರು.

"ಶ್ರೀಕಂಠಯ್ಯನೋರೇ, ಇದು ಪಾಸಾಗೋ ಪರೀಕ್ಷೆ ಅಲ್ಲ. ಗೊತ್ತಾದಾಗ ಮಾತ್ರ ಹೇಳಿ" ಎಂದರು ಡಾಕ್ಟರು.

ಇನ್ನೊಂದು ಸಲ ಮುಟ್ಟಿದರು. ಈ ಸಲ ಇವರು ಬಾಯಿ ಬಿಡಲಿಲ್ಲ. ಡಾಕ್ಟರು ಎಷ್ಟೋ ಜಾಗದಲ್ಲಿ ಮುಟ್ಟಿದರು. ಇವರು ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಇದ್ದರು, ಇನ್ನೂ ಶುರುವಾಗಿಲ್ಲವೇನೋ ಎಂಬಂತೆ.

ಡಾಕ್ಟರು ಹೇಳಿದ್ದು ಹೆಚ್ಚೇನಿಲ್ಲ. ಮೈ ಬೆವರುವ ಹಾಗೆ ವ್ಯಾಯಾಮ ಬೇಕು. ಆದರೆ ಈ ಕಾಲಿನಲ್ಲಿ ಕಲ್ಲು ಮುಳ್ಳಿನ ರಸ್ತೆಯಲ್ಲಿ ಮೈಲಿಗಟ್ಟಲೆ ನಡೆಯುವುದು ಬೇಡ. ಮನೆಯೊಳಗೆ ನಿಂತಲ್ಲೇ ತುಳಿಯುವ ಸೈಕಲ್ ಒಂದು ಇದ್ದರೆ ಒಳ್ಳೆಯದು. ಮತ್ತೆ, ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದು. ನಾನು ಕೇಳಿಸಿಕೊಂಡೆ, ಇವರೂ ಕೇಳಿಸಿಕೊಂಡರು.

ಸೈಕಲ್ ಎಂದ ಕೂಡಲೇ ಇವರ ಮುಖ ಅರಳಿತು. ವಾಕಿಂಗ್ ಎಂದರೆ ಇವರಿಗೆ ಮೊದಲಿಂದಲೂ ಸಂಕೋಚ. ನಮ್ಮಂಥ ಊರಿನಲ್ಲಿ ಕೆಲಸವಿಲ್ಲದೆ ರಸ್ತೆಯಲ್ಲಿ ಬಿರಬಿರನೆ ನಡೆದರೆ ಎದುರಿಗೆ ಸಿಕ್ಕವರೆಲ್ಲ ನಿಲ್ಲಿಸಿ ಕೇಳುತ್ತಾರೆ. ಎಳನೀರು ಮಾರುವವನಿಂದ ಹಿಡಿದು ಪಹಣಿಗೆ ಅರ್ಜಿ ಕೊಟ್ಟವರವರೆಗೆ ಎಲ್ಲರಿಗೂ ಉತ್ತರ ಹೇಳಬೇಕು. ಮನೆಯೊಳಗೆ ತುಳಿದರೆ ಯಾರಿಗೂ ತಿಳಿಯುವುದಿಲ್ಲ.

ಹಾಗೆ ಶುರುವಾಯಿತು ನಮ್ಮ ಸೈಕಲ್ ಹುಡುಕಾಟ. ಹಾಸನದ ಕ್ರೀಡಾ ಸಾಮಾನಿನ ಅಂಗಡಿಯೊಂದರಲ್ಲಿ ಹೊಸದು ನೋಡಿದೆವು. ಇವರು ಹತ್ತಿ ಕೂತು ತುಳಿದರು. ಅದರ ಪೆಡಲ್ಲುಗಳು ದೋಸೆ ಮಗುಚುವ ಸಟ್ಟುಗದ ಹಾಗೆ ಅಗಲವಾಗಿ, ಮೆತ್ತಗೆ ಇದ್ದವು. ಪಾದ ಜಾರದಂತೆ ಮೇಲೆ ಒಂದು ಪಟ್ಟಿ. ಬೆಲೆ ಕೇಳಿದ ಮೇಲೆ ಇವರು ಬಹಳ ನಿಧಾನವಾಗಿ ಇಳಿದರು. ಚನ್ನರಾಯಪಟ್ಟಣದಲ್ಲಿ ನಿವೃತ್ತ ಅಧಿಕಾರಿಯೊಬ್ಬರ ಮನೆಯಲ್ಲಿ ಹಳೆಯದೊಂದು ಇದೆ ಎಂದು ಯಾರೋ ಹೇಳಿದರು. ಅಲ್ಲಿಗೆ ಹೋದರೆ ಅದರ ಮೇಲೆ ಒದ್ದೆ ಟವೆಲ್ಲು, ಬನಿಯನ್ನು ಒಣಗುತ್ತಿದ್ದವು. ಆ ಮನೆಯಾಕೆ ಅವನ್ನೆಲ್ಲ ತೆಗೆದು, ಧೂಳು ಒರೆಸಿ ತೋರಿಸಿದರು. ಅದು ಕುಳ್ಳಗಿನವರಿಗೆ ಮಾಡಿದ್ದು. ಇವರು ತುಳಿದರೆ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತಿತ್ತು. "ಇವ್ರೂ ಒಂದ್ ವಾರ ತುಳಿದ್ರು. ಬಟ್ಟೆ ಒಣಗ್ಸಕ್ಕೆ ಮಾತ್ರ ಬಾಳ ಅನುಕೂಲ ಐತೆ" ಎಂದು ಆಕೆಯೇ ಪ್ರಾಮಾಣಿಕವಾಗಿ ಹೇಳಿದರು.

ಕೊನೆಗೆ ದಾರಿ ತೋರಿಸಿದವನು ಅರಕಲಗೂಡಿನಲ್ಲಿರುವ ಇವರ ಸೋದರತ್ತೆಯ ಮಗ. ಅಲ್ಲಿ ಯಾರದೋ ಮನೆಯಲ್ಲಿ ಅವನು ಒಂದು ಉಪಾಯ ನೋಡಿದ್ದ. ಇರುವ ಸೈಕಲ್ಲನ್ನೇ ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು, ಹಿಂದಿನ ಚಕ್ರ ನೆಲ ಬಿಟ್ಟು ಮೇಲೆ ನಿಲ್ಲುವಂತೆ ಮಾಡಿ, ಆ ಚಕ್ರಕ್ಕೆ ಒತ್ತಿಕೊಂಡು ತಿರುಗುವ ಉರುಳೆಯೊಂದನ್ನು ಕೂರಿಸುವುದು. ಉರುಳೆ ಬಿಗಿ ಮಾಡಿದರೆ ಏರು ಹತ್ತಿದ ಹಾಗೆ, ಸಡಿಲ ಮಾಡಿದರೆ ಬಯಲಲ್ಲಿ ಹೋದ ಹಾಗೆ. ನಮ್ಮ ಹಿತ್ತಿಲಲ್ಲಿ ಇವರು ಕಾಲೇಜಿಗೆ ಹೋಗುತ್ತಿದ್ದ ಕಪ್ಪು ಸೈಕಲ್ ಇದ್ದೇ ಇತ್ತು. ನಮ್ಮೂರಿನ ವೆಲ್ಡಿಂಗ್ ಅಂಗಡಿಯ ಬಾಬು ಸ್ಟ್ಯಾಂಡ್ ಮಾಡಿಕೊಟ್ಟ. ಮನೆಗೆ ತಂದು ಕೂರಿಸಿ, ತಾನೇ ಒಂದು ಸಲ ತುಳಿದು ನೋಡಿ, "ಸಾ, ಇದ್ರ ಮ್ಯಾಲೆ ಕುಂತ್ರೆ ಮೈಸೂರ್ಗಂಟ ಓಗ್ಬೋದು, ಒಸ್ಲು ದಾಟ್ದಂಗೆ" ಎಂದ. ಹೊಸದರ ಮುಂದೆ ಅದಕ್ಕೆ ಆದ ಖರ್ಚು ಏನೂ ಅಲ್ಲ. ನಾವು ಬಹಳ ಜಾಣರು ಎಂದುಕೊಂಡೆವು.

ಎಲ್ಲಿ ಇಡುವುದು ಎಂಬ ಪ್ರಶ್ನೆ ಬಂತು. ಜಗಲಿಯಲ್ಲಿ ಜಾಗವಿತ್ತು. ಆದರೆ ಜಗಲಿ ಬೀದಿಗೆ ಕಾಣುತ್ತದೆ. ಹಾಗಾಗಿ ನಡುಮನೆಗೆ ಬಂತು, ದೇವರ ಕೋಣೆಯ ಬಾಗಿಲ ಪಕ್ಕಕ್ಕೆ. ಅಲ್ಲಿ ಬಿಟ್ಟರೆ ಬೇರೆಲ್ಲೂ ಅಷ್ಟು ಉದ್ದದ ಗೋಡೆ ಇರಲಿಲ್ಲ. ನಮ್ಮ ಮನೆಯಲ್ಲಿ ಚಪ್ಪಲಿ ಜಗಲಿಯ ಮೆಟ್ಟಿಲ ಕೆಳಗೇ ಉಳಿಯಬೇಕು. ಯಾರೂ ಮಾಡಿದ ಕಟ್ಟಳೆಯಲ್ಲ ಅದು, ಬೇರೆ ರೀತಿ ಇರಬಹುದೆಂದು ಯಾರಿಗೂ ಹೊಳೆದೇ ಇರಲಿಲ್ಲ. ಡಾಕ್ಟರ ಮಾತು ನೆನಪಿತ್ತು. ಮನೆಯೊಳಗೆ ಓಡಾಡಲು ಇವರಿಗೆ ದಪ್ಪನೆಯ ಕಪ್ಪು ಕಾಲುಚೀಲ ತಂದೆವು. ಸೈಕಲ್ ಮೇಲೆ ಕಾಲುಚೀಲ ಜಾರುತ್ತದೆ ಎಂದು ಇವರು ಅದನ್ನು ಬಿಚ್ಚಿ ಕೂರುತ್ತಿದ್ದರು. ಡಾಕ್ಟರು ಬರಿಗಾಲಲ್ಲಿ ನಡೆಯಬೇಡಿ ಎಂದಿದ್ದಾರೆ, ಸೈಕಲ್ ಮೇಲೆ ಕಾಲು ನೆಲಕ್ಕೇ ತಾಗುವುದಿಲ್ಲವಲ್ಲ ಎಂದು ನಾವು ಮಾತಾಡಿಕೊಂಡದ್ದೂ ಉಂಟು. ಮಾತಾಡಿ ಸಮಾಧಾನಪಟ್ಟುಕೊಂಡೆವು.

ಮೊದಲ ವಾರ ಇವರು ಸೀಟಿನದೇ ದೂರು ಹೇಳಿದರು. ಹಳೆಯ ಚರ್ಮದ ಸೀಟು, ಗಟ್ಟಿಯಾಗಿ ನಡುವೆ ಕುಳಿ ಬಿದ್ದಿತ್ತು. ಕೂರಲಾಗದು, ನಿಲ್ಲಲಾಗದು. ಕಚೇರಿಯ ಕುರ್ಚಿಯ ಮೇಲೆ ದಿಂಬು ಹಾಕಿಕೊಂಡದ್ದನ್ನು ನೋಡಿ ಜೊತೆಯವರು ರೇಗಿಸಿದರಂತೆ. ಸೈಕಲ್ಲಿಗೆಂದು ಎತ್ತಿಟ್ಟ ಹಣದಲ್ಲಿ ಸ್ವಲ್ಪ ಉಳಿದಿತ್ತು. ಪೆಡಲ್ಲಿನ ರಬ್ಬರ್ ಕೂಡ ಯಾವಾಗಲೋ ಸವೆದು ಉದುರಿ, ಎಡಗಡೆಯದರಲ್ಲಿ ಬರೀ ಕಬ್ಬಿಣದ ಸರಳು, ಅದರ ಒಳತುದಿಯಲ್ಲಿ ಒಂದು ನಟ್ಟು ಉಳಿದಿದ್ದವು. ಎರಡಕ್ಕೂ ಸಾಲುವಷ್ಟು ಇರಲಿಲ್ಲ. ಯಾವುದು ಮೊದಲು ಎಂದು ಕೇಳಿದೆ. ಇವರು ಒಂದು ಕ್ಷಣವೂ ಯೋಚಿಸಲಿಲ್ಲ. ಸೀಟು ಬದಲಿಸು, ಪೆಡಲ್ ಏನೂ ತೊಂದರೆ ಕೊಡುತ್ತಿಲ್ಲ ಎಂದರು.

ಸೈಕಲ್ ಆರಿಸುವಾಗ ನಾವು ಮಾಡಿದ್ದು ಇಷ್ಟೇ. ನೋಯುವ ಕಡೆಗೆ ಮೆತ್ತನೆಯ ಸೀಟು ತಂದೆವು. ನೋವೆನ್ನುವುದೇ ಸತ್ತುಹೋಗಿದ್ದ ಕಾಲು ಏನೂ ಕೇಳಲಿಲ್ಲ, ನಾವೂ ಏನೂ ಕೊಡಲಿಲ್ಲ.

ಆಮೇಲೆ ಒಳ್ಳೆಯ ದಿನಗಳು ಬಂದವು. ಬೆಳಿಗ್ಗೆ ಅತ್ತೆ ದೇವರ ಮುಂದೆ ಕೂತಾಗಲೇ ಇವರ ಸೈಕಲ್ಲೂ ಶುರುವಾಗುತ್ತಿತ್ತು. ಉರುಳೆಯ ಗುರುಗುರು ಸದ್ದಿಗೆ ಅತ್ತೆ, "ದೇವರಿಗೆ ಮಂತ್ರ ಕೇಳಿಸ್ತಿಲ್ಲ ಕಣೋ, ಹಿಟ್ಟಿನ ಗಿರಣಿ ಸ್ವಲ್ಪ ನಿಲ್ಸು" ಎನ್ನುವರು. ಇವರು ಇನ್ನಷ್ಟು ಜೋರಾಗಿ ತುಳಿಯುವರು. ಬೆವರು ಹರಿಯುತ್ತಿತ್ತು. ಸಕ್ಕರೆ ಇಳಿಯಿತು. ಪ್ಯಾಂಟು ಸಡಿಲವಾಯಿತು. ಡಾಕ್ಟರು ಭೇಷ್ ಎಂದರು. ನಾನು ನೆಲ ಒರೆಸುವಾಗ ಸೈಕಲ್ಲಿನ ಕೆಳಗೆ ಆಗಾಗ ಕೆಂಪು ಚುಕ್ಕೆಗಳು ಸಿಗುತ್ತಿದ್ದವು. ದೇವರ ಕೋಣೆಯ ಹೊಸ್ತಿಲ ಪಕ್ಕ ಕೆಂಪು ಬಿದ್ದಿದ್ದರೆ ಅದು ಕುಂಕುಮವಲ್ಲದೆ ಇನ್ನೇನು? ಒರೆಸಿದೆ. ಮಾರನೆಯ ದಿನವೂ ಒರೆಸಿದೆ. ಆ ಬಟ್ಟೆಯನ್ನು ಬಕೆಟ್ಟಿನಲ್ಲಿ ಹಿಂಡಿದಾಗ ನೀರಿನ ಬಣ್ಣ ಹೇಗಿತ್ತು ಎಂದು ಈಗ ಎಷ್ಟು ಸಲ ನೆನಪಿಸಿಕೊಳ್ಳಲು ಯತ್ನಿಸಿದರೂ ಆಗುವುದಿಲ್ಲ.

ಆ ವಾರ ಇವರಿಗೆ ಸಂಜೆ ಚಳಿ ಚಳಿ ಎನಿಸಿ ಜ್ವರ ಬರುತ್ತಿತ್ತು. ಊರಲ್ಲೆಲ್ಲ ಜ್ವರವಿದ್ದ ಕಾಲ. ಮಾತ್ರೆ ನುಂಗಿ ಕಚೇರಿಗೆ ಹೋದರು. ಸೈಕಲ್ ಕೂಡ ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಅಕ್ಕಿ ಆರಿಸುತ್ತಿದ್ದೆ. ಅತ್ತೆ ಪೂಜೆ ಮುಗಿಸಿ ಹೊರಗೆ ಬಂದವರು ಸೈಕಲ್ಲಿನ ಬಳಿ ಬಗ್ಗಿ ನಿಂತರು.

"ಲಲಿತಾ, ಇಲ್ಲಿ ಬಾ. ದೇವರ ಮನೇಲಿ ಬೆಲ್ಲ ಇಟ್ಟಿದ್ದೀನಿ, ಅಲ್ಲಿಗೆ ಒಂದು ಇರುವೆ ಬಂದಿಲ್ಲ. ಇದಕ್ಕೆ ಯಾಕೆ ಹತ್ಕೊಂಡಿವೆ?"

ಗೋಡೆಯ ಸಂದಿಯಿಂದ ಹೊರಟ ಇರುವೆ ಸಾಲು ಸ್ಟ್ಯಾಂಡಿನ ಕಾಲು ಹತ್ತಿ, ಚೈನಿನ ಪಕ್ಕ ಹಾದು, ಎಡಗಡೆಯ ಪೆಡಲ್ಲಿಗೆ ಹೋಗಿತ್ತು. ಸರಳಿನ ಮೇಲೆ, ನಟ್ಟಿನ ಸುತ್ತ, ಏನೋ ಕಂದು ಬಣ್ಣಕ್ಕೆ ಒಣಗಿ ಅಂಟಿತ್ತು. ನಾನು ಬೆರಳಿಂದ ಕೆರೆದು ಮೂಸಿ ನೋಡಿದೆ. ಆ ವಾಸನೆಯ ಬಗ್ಗೆ ಬರೆಯಲಾರೆ. ಇವರು ಜಗಲಿಯಲ್ಲಿ ಪೇಪರ್ ಓದುತ್ತಾ ಕೂತಿದ್ದರು. ಹೋಗಿ, ಕಾಲುಚೀಲ ಬಿಚ್ಚಿ ಎಡಗಾಲು ಮೇಲೆತ್ತಿ ಎಂದೆ. ಪೇಪರ್ ಕೆಳಗಿಡದೆಯೇ ಎತ್ತಿದರು. ಹೆಬ್ಬೆರಳ ಬುಡದಲ್ಲಿ, ಅಂಗಾಲಿನಲ್ಲಿ, ನಟ್ಟಿನ ಗಾತ್ರದ ಒಂದು ತೂತು. ಸುತ್ತ ಬೂದು ಬಣ್ಣ. ಹೆಬ್ಬೆರಳ ತುದಿ ಕಪ್ಪಾಗಿತ್ತು. ಇವರು ಬಗ್ಗಿ, ಕನ್ನಡಕ ಸರಿ ಮಾಡಿಕೊಂಡು ನೋಡಿದರು. ಪಕ್ಕದ ಮನೆಯವರ ಗಾಯ ನೋಡುವ ಹಾಗೆ ನೋಡಿದರು.

"ನೋಯ್ತಾನೇ ಇಲ್ವಲ್ಲೇ" ಎಂದರು.

ಹಾಸನದ ಬಸ್ಸಿನಲ್ಲಿ ಇವರು ನನಗೆ ಕಿಟಕಿಯ ಪಕ್ಕ ಸೀಟು ಹಿಡಿದುಕೊಟ್ಟರು. ಮುಂದಿನ ನಿಲ್ದಾಣದಲ್ಲಿ ಮಗು ಎತ್ತಿಕೊಂಡ ಹೆಂಗಸೊಬ್ಬಳು ಹತ್ತಿದಾಗ ತಮ್ಮ ಜಾಗ ಬಿಟ್ಟು ಎದ್ದು ನಿಂತರು. ಕೂತುಕೊಳ್ಳಿ ಎಂದರೆ ಪರವಾಗಿಲ್ಲ ಎಂದು ಕೈಯಾಡಿಸಿದರು. ಹಾಸನದವರೆಗೂ ಆ ಕಾಲಿನ ಮೇಲೆ ಭಾರ ಬಿಟ್ಟು ನಿಂತೇ ಬಂದರು. ಬಸ್ಸು ಕುಲುಕಿದಾಗಲೆಲ್ಲ ನಾನು ಆ ಕಾಲನ್ನೇ ನೋಡುತ್ತಿದ್ದೆ. ಈಗಲೂ ಬಸ್ಸಿನಲ್ಲಿ ಯಾರಾದರೂ ನಿಂತಿದ್ದರೆ ನನ್ನ ಕಣ್ಣು ಮೊದಲು ಅವರ ಪಾದಕ್ಕೆ ಹೋಗುತ್ತದೆ.

ಆಸ್ಪತ್ರೆಯ ಶಸ್ತ್ರಚಿಕಿತ್ಸಕರು ಎಕ್ಸ್‌ರೇ ತೆಗೆಸಿ ನೋಡಿ, ಮೂಳೆಗೂ ಹತ್ತಿದೆ ಎಂದರು. ಮೊದಲು ಬೆರಳು ತೆಗೆದು ಗಾಯ ಕೊರೆದು ಸ್ವಚ್ಛ ಮಾಡುತ್ತೇವೆ, ವಿಷ ಮೇಲಕ್ಕೆ ಏರಿದ್ದರೆ ಮೊಣಕಾಲ ಕೆಳಗೆ ತೆಗೆಯಬೇಕಾಗುತ್ತದೆ, ಒಳಗೆ ನೋಡದೆ ಏನೂ ಹೇಳಲಾಗದು ಎಂದರು. ನಾನು ಸಹಿ ಮಾಡಿದೆ. ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ಕೂತ ಆ ಹೊತ್ತು ಎಷ್ಟಿತ್ತೋ ಗೊತ್ತಿಲ್ಲ. ಎದುರಿನ ಗೋಡೆಯಲ್ಲಿ ಸುಣ್ಣ ಹಕ್ಕಳೆ ಎದ್ದಿದ್ದ ಜಾಗವೊಂದಿತ್ತು, ಅದನ್ನು ನಾನು ಈಗಲೂ ಕಣ್ಣು ಮುಚ್ಚಿ ಬರೆದು ತೋರಿಸಬಲ್ಲೆ. ಅತ್ತೆಯನ್ನು ಬರಬೇಡಿ ಎಂದು ಹೇಳಿ ಬಂದಿದ್ದೆ. ಹಾಗೆ ಹೇಳಬಾರದಿತ್ತು. ಇಬ್ಬರೂ ಒಬ್ಬೊಬ್ಬರೇ ಕಾದೆವು.

ಬೆರಳುಗಳು ಹೋದವು, ಹೆಬ್ಬೆರಳು ಮತ್ತು ಅದರ ಪಕ್ಕದ್ದು. ಕಾಲು ಉಳಿಯುತ್ತದೋ ಇಲ್ಲವೋ ಗಾಯ ಮಾಗುವವರೆಗೆ ಹೇಳಲಾಗದು ಎಂದರು.

ವಾರ್ಡಿನಲ್ಲಿ ನಮ್ಮ ಪಕ್ಕದ ಹಾಸಿಗೆಯಲ್ಲಿ ಹಳೇಕೋಟೆ ಕಡೆಯ ರೈತರೊಬ್ಬರಿದ್ದರು. ಅವರದು ಒಂದು ಕಾಲು ಮೊಣಕಾಲಿನಿಂದಲೇ ಹೋಗಿತ್ತು. ಅವರ ಹೆಂಡತಿ ಜಯಮ್ಮ ನಾನು ಊಟ ಮಾಡುವುದಿಲ್ಲವೆಂದು ಕಂಡುಕೊಂಡು, ತಮ್ಮ ಕ್ಯಾರಿಯರ್ರಿನಿಂದ ಸೊಪ್ಪಿನ ಸಾರು, ಅನ್ನ ಒಂದು ತಟ್ಟೆಗೆ ಹಾಕಿ ಏನೂ ಕೇಳದೆ ನನ್ನ ಮುಂದೆ ಇಟ್ಟರು. ನಾನು ತಿನ್ನುವವರೆಗೂ ಎದುರಿಗೇ ಕೂತರು. ನೆರಿಗೆ ಸರಿಮಾಡಿಕೊಳ್ಳುತ್ತಾ ಗಂಡನ ಕಡೆ ತಿರುಗಿ, "ಇನ್ಮ್ಯಾಕೆ ನಿಂಗೆ ಒಂದೇ ಮೆಟ್ಟು ತಂದ್ರೆ ಸಾಕು ಕಣ. ಇನ್ನೊಂದ್ನ ಈ ಮಾಸ್ತರಮ್ಮೋರ ಯಜಮಾನ್ರಿಗೆ ಕೊಟ್ಬುಡನ" ಎಂದರು.

"ಅವರ್ದು ಯಾವ್ ಕಾಲಮ್ಮಿ?" ಎಂದರು ಗಂಡ, ಮಲಗಿದ್ದಲ್ಲಿಂದಲೇ.

"ಎಡ್ಗಾಲು."

"ಅಂಗಾರೆ ಆಗಕಿಲ್ಲ ಬುಡು. ನಂದೂ ಎಡ್ಗಾಲೇ ಓಗಿರದು. ಇಬ್ರುಗೂ ಬಲಗಾಲ್ದೇ ಬೇಕು."

ಇವರು ನಕ್ಕುಬಿಟ್ಟರು. ಶಸ್ತ್ರಕ್ರಿಯೆ ಆದ ಮೇಲೆ ಮೊದಲ ಸಲ. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ಹಾಗೇ ಮಲಗಿದ್ದರು. ಜಯಮ್ಮ ನನ್ನ ಕೈ ಹಿಡಿದುಕೊಂಡು, ಅಳಲಿ ಬಿಡವ್ವ, ನಮ್ಮವರೂ ಹಾಗೇ ಎಂದು ಮೆಲ್ಲಗೆ ಹೇಳಿದರು. ಅವರ ಊರಿಗೆ ಹೋಗಿ ಮಾತಾಡಿಸಿಕೊಂಡು ಬರಬೇಕು ಎಂದು ಎಷ್ಟೋ ಸಲ ಅಂದುಕೊಂಡೆ. ಹಳೇಕೋಟೆ ನಮಗೆ ದೂರವೇನಲ್ಲ. ಹೋಗಲಿಲ್ಲ. ಆತ ತೀರಿಕೊಂಡ ಸುದ್ದಿ ಯಾರೋ ಕಚೇರಿಗೆ ಬಂದವರು ಇವರಿಗೆ ಹೇಳಿದರು.

ನಮ್ಮ ಕಾಲು ಉಳಿಯಿತು. ಗಾಯ ಬಹಳ ನಿಧಾನವಾಗಿ, ಅಂಚಿನಿಂದ ಒಳಕ್ಕೆ, ಕೆಂಪಾಗಿ ತುಂಬಿಕೊಂಡು ಬಂತು. ಮನೆಗೆ ಬಂದ ದಿನ ಇವರು ಅಭ್ಯಾಸಬಲದಿಂದ ಮೆಟ್ಟಿಲ ಕೆಳಗೆ ನಿಂತು, ಆಸ್ಪತ್ರೆಯಲ್ಲಿ ಕೊಡಿಸಿದ್ದ ಮೆತ್ತನೆಯ ರಬ್ಬರಿನ ಚಪ್ಪಲಿ ಬಿಡಲು ಹೊರಟರು. ಬಾಗಿಲಲ್ಲಿದ್ದ ಅತ್ತೆ ಕೂಡಲೇ ತಡೆದರು.

"ಬಿಡಬೇಡ. ಹಾಗೇ ಒಳಗೆ ಬಾ."

"ದೇವರ ಕೋಣೆ ಮುಂದೆ ಹಾದು ಹೋಗ್ಬೇಕಲ್ಲಮ್ಮ."

"ದೇವರು ನೋಡ್ಕೊಂಡು ಕೂತಿದ್ನಲ್ಲ ಇಷ್ಟು ದಿನ, ಅಷ್ಟು ರಕ್ತ ಹೋಗೋದ್ನ. ಇದನ್ನೂ ನೋಡ್ಲಿ."

ಅಷ್ಟು ಹೇಳಿ ಒಳಗೆ ಹೋದರು. ಅಂದಿನಿಂದ ದಿನವೂ ಸ್ನಾನಕ್ಕೆ ಹೋಗುವ ಮುಂಚೆ ಮಗನ ಚಪ್ಪಲಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಳಗೆ ಕೈಯಾಡಿಸಿ ಕಲ್ಲು ಮುಳ್ಳು ಇಲ್ಲವೆಂದು ನೋಡಿ, ಮಂಚದ ಪಕ್ಕ ಇಡುವ ಕೆಲಸವನ್ನು ಅವರೇ ವಹಿಸಿಕೊಂಡರು. ಎಂಬತ್ತು ದಾಟಿದ ಮೇಲೂ ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟಿಲ್ಲ.

ಸೈಕಲ್ ಇನ್ನೂ ಇದೆ. ಈಗ ಜಗಲಿಯಲ್ಲಿದೆ. ಗಾಯ ಪೂರ್ತಿ ಮಾಗಿ, ಡಾಕ್ಟರು ಸರಿ ಎಂದ ಮೇಲೆ ಬಾಬು ಹೊಸ ಪೆಡಲ್ ಹಾಕಿಕೊಟ್ಟ, ಅಗಲದ್ದು. ಇವರು ಶೂ ಹಾಕಿಕೊಂಡು ತುಳಿಯುತ್ತಾರೆ. ಬೀದಿಯವರೆಲ್ಲ ನೋಡುತ್ತಾರೆ, ಕೇಳುತ್ತಾರೆ. ಇವರು ಶುಗರ್ ಎಂದು ಹೇಳುತ್ತಾರೆ. ಹಾಗೆ ಹೇಳಲು ಶುರು ಮಾಡಿದ ಮೇಲೆ ಬೀದಿಯಲ್ಲಿ ಎಷ್ಟು ಮನೆಯವರು ತಮಗೂ ಇದೆಯೆಂದು ಮೆಟ್ಟಿಲ ಮೇಲೆ ಬಂದು ಕೂತರೆಂದರೆ, ಇದನ್ನು ಮುಚ್ಚಿಡಲು ನಾವು ಪಟ್ಟ ಪಾಡು ನೆನೆದು ನಾಚಿಕೆಯಾಗುತ್ತದೆ.

ಡಾಕ್ಟರ ಬಳಿ ನನ್ನನ್ನು ಪ್ರಶ್ನೆ ಕೇಳಿದ ಆಕೆಗೆ ನಾನು ಹೇಳಬೇಕಾಗಿದ್ದದ್ದು ಬೆಲೆಯ ಮಾತಲ್ಲ. ಅಗ್ಗದ್ದೇ ತಗೊಳ್ಳಿ, ಹಳೆಯದೇ ತಗೊಳ್ಳಿ, ಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ಆದರೆ ಕೊಳ್ಳುವ ಮೊದಲು ಪೆಡಲ್ ಮೇಲೆ ನಿಮ್ಮ ಅಂಗೈ ಇಟ್ಟು ಜೋರಾಗಿ ಒತ್ತಿ ನೋಡಿ. ಅವರ ಕಾಲಲ್ಲ, ನಿಮ್ಮ ಕೈ. ನಿಮ್ಮ ಕೈಗೆ ನೋವಾದರೆ ಅದು ಬೇಡ. ಮತ್ತೆ ಚಪ್ಪಲಿ ಹಾಕಿಕೊಂಡು ಹತ್ತಬಹುದಾದ ಜಾಗದಲ್ಲೇ ಅದನ್ನು ಇಡಿ. ಇಷ್ಟನ್ನು ಹೇಳಲು ಒಂದು ನಿಮಿಷ ಸಾಕಾಗಿತ್ತು.

ದಿನವೂ ದೀಪ ಹಚ್ಚಿದ ಮೇಲೆ ಇವರ ಪಾದ ನೋಡುವುದು ನನ್ನ ಕೆಲಸ. ಇವರು ಮಂಚದ ಮೇಲೆ ಕಾಲು ಚಾಚಿ ಮಲಗುತ್ತಾರೆ. ನಾನು ದೇವರ ಬತ್ತಿಯ ಹತ್ತಿಯಿಂದ ಒಂದು ಎಳೆ ಕಿತ್ತುಕೊಂಡು ಬರುತ್ತೇನೆ. ಹೋದ ನರ ವಾಪಸ್ಸು ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತು, ಆದರೂ ಒಂದು ಸಲ ಮುಟ್ಟಿ ಕೇಳುತ್ತೇನೆ. ನಿನ್ನೆಯೂ ಕಣ್ಣು ಮುಚ್ಚಿಕೊಳ್ಳಿ ಎಂದೆ. ಮುಚ್ಚಿಕೊಂಡರು. ನಾನು ಮಂಚದ ತುದಿಯಲ್ಲಿ ಕೂತು ಹತ್ತಿಯನ್ನು ಹೊಸೆಯುತ್ತಿದ್ದೆ.

"ಹೂಂ, ಗೊತ್ತಾಯ್ತು ಕಣೇ. ಇವತ್ತು ಚೆನ್ನಾಗಿ ಗೊತ್ತಾಯ್ತು" ಎಂದರು.

ಹತ್ತಿ ಇನ್ನೂ ನನ್ನ ಬೆರಳುಗಳ ನಡುವೆಯೇ ಇತ್ತು. ನಾನು ಸರಿ ಎಂದೆ. ಆಮೇಲೆ ಟಾರ್ಚ್ ಹಾಕಿ, ಪಾದವನ್ನು ತೊಡೆಯ ಮೇಲೆ ತೆಗೆದುಕೊಂಡು, ಇರುವ ಮೂರು ಬೆರಳುಗಳ ಸಂದಿಯನ್ನೂ ಬಿಡಿಸಿ ನೋಡಿದೆ.